ದ್ವೇಷವೆಂಬ ಮನೋವ್ಯಾಧಿ

ದ್ವೇಷವು ಮಾನವನ ಹುಟ್ಟುಗುಣವೇ, ಅಥವಾ ನಡುವೆ ತಗಲಿದ ವ್ಯಾಧಿಯೇ? ಪತಂಜಲಿ ಮಹರ್ಷಿಗಳು ಐದು ಕ್ಲೇಶಗಳಲ್ಲಿ ದ್ವೇಷವನ್ನೂ ಎಣಿಸಿ, ಅದು ಅನುಭವಿಸಿದ ದುಃಖದ ಬೆನ್ನು ಹಿಡಿದು ಬರುವುದೆಂದು ತಿಳಿಸಿದ್ದಾರೆ. ನೋವು, ಭಯ, ಅಪಮಾನಗಳೇ ದ್ವೇಷದ ಬೇರುಗಳೆಂಬುದನ್ನು ಆಧುನಿಕ ಮನಶ್ಶಾಸ್ತ್ರವೂ ಒಪ್ಪುತ್ತದೆ.

ಈ ಪ್ರದೇಶದ ಕನ್ನಡಿಗರಾದ ನಾವು ನಿದರ್ಶನಕ್ಕಾಗಿ ದೂರ ಹೋಗಬೇಕಾಗಿಲ್ಲ. 1960ರ ದಶಕದ ಮುಂಬಯಿಯಲ್ಲಿ ವಿದ್ಯಾವಂತ ಮರಾಠಿ ತರುಣರನ್ನು ನಿರುದ್ಯೋಗ ಕಾಡುತ್ತಿತ್ತು. ಆ ನೋವು ನಿಜವಾದುದೇ. ಆದರೆ ಅದರ ಕಾರಣಗಳು ಜಟಿಲವಾಗಿದ್ದು ಕಣ್ಣಿಗೆ ಕಾಣುವಂತಿರಲಿಲ್ಲ. ಕಾಣುತ್ತಿದ್ದವರು ಕಚೇರಿಯ ದಕ್ಷಿಣದ ಗುಮಾಸ್ತರು, ಬೀದಿಯ ಉಡುಪಿ ಹೋಟೆಲಿನವರು. 'ಮಾರ್ಮಿಕ' ವಾರಪತ್ರಿಕೆಯು ಪರಪ್ರಾಂತೀಯ ಅಧಿಕಾರಿಗಳ ಹೆಸರಿನ ಪಟ್ಟಿಗಳನ್ನು ಪ್ರಕಟಿಸಿತು. 1966ರಲ್ಲಿ ಶಿವಸೇನೆ ಜನ್ಮತಾಳಿತು. 1969ರ ಫೆಬ್ರವರಿಯಲ್ಲಿ ಗಡಿ ಚಳವಳಿಯು ಗಲಭೆಗೆ ತಿರುಗಿ ಅನೇಕರು ಪ್ರಾಣ ಕಳೆದುಕೊಂಡರು. ಆ ವರ್ಷಗಳಲ್ಲಿ ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಇಡ್ಲಿ ಬೇಯಿಸುವ ಹುಡುಗನಿಗೂ ಬೆಳಗಾವಿಯ ಗಡಿಗೂ ಏನು ಸಂಬಂಧ? ಹೆಸರಿಲ್ಲದ ನೋವಿಗೆ ಹೆಸರುಳ್ಳ ಶತ್ರುವೊಬ್ಬ ಬೇಕಾಗಿದ್ದನು, ಅಷ್ಟೆ.

'ನಮ್ಮವರು–ಪರರು' ಎಂಬ ಭೇದ ಹುಟ್ಟಲು ಎಷ್ಟು ಅಲ್ಪ ಕಾರಣ ಸಾಕೆಂಬುದನ್ನು 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ತಾಜ್‌ಫೆಲ್ ತೋರಿಸಿದರು. ಕ್ಷುಲ್ಲಕ ನೆಪದಿಂದ ಎರಡು ಗುಂಪುಗಳಾಗಿ ವಿಂಗಡಿಸಿದರೂ ಶಾಲಾಬಾಲಕರು ತಮ್ಮ ಗುಂಪಿನವರಿಗೇ ಹೆಚ್ಚು ಹಣ ಹಂಚಿದರು. ಇದು ಪಕ್ಷಪಾತವೇ ಹೊರತು ದ್ವೇಷವಲ್ಲ. ಭಯವೂ ಪ್ರಚಾರವೂ ಕೂಡಿದಾಗ ಅದೇ ದ್ವೇಷವಾಗಿ ಬೆಳೆಯಬಲ್ಲದು.

ಹಾಗಾದರೆ ಅನ್ಯಾಯಕ್ಕೊಳಗಾದವನ ದ್ವೇಷವು ಸಮರ್ಥನೀಯವೇ? ಇಲ್ಲಿ ಕೋಪವನ್ನೂ ದ್ವೇಷವನ್ನೂ ಬೇರ್ಪಡಿಸಿ ನೋಡಬೇಕು. ಕೋಪವು ವ್ಯಕ್ತಿಯ ಮೇಲೆ, ದ್ವೇಷವು ಇಡೀ ವರ್ಗದ ಮೇಲೂ ಹರಡಬಲ್ಲದು. ಕಾಲವು ಕೋಪವನ್ನು ಶಮನಗೊಳಿಸುತ್ತದೆ, ದ್ವೇಷವನ್ನಲ್ಲ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಕಲ್ಲೆಸೆದವನ ಮೇಲಿನ ಕೋಪ ನ್ಯಾಯವಾದದ್ದು. ಅದು ಕಾನೂನಿನ ಬಾಗಿಲು ತಟ್ಟುತ್ತದೆ. ಆದರೆ ಅದೇ ಕಾರಣಕ್ಕೆ ನಾವು ಮರಾಠಿಗರೆಲ್ಲರನ್ನೂ ದ್ವೇಷಿಸಿದರೆ, ಕಲ್ಲೆಸೆದವನ ತರ್ಕವನ್ನೇ ನಾವೂ ಒಪ್ಪಿದಂತಾಯಿತು.

ದೇಹಕ್ಕೂ ಇದು ಹಿತವಲ್ಲ. ವೈರವನ್ನು ಮೆಲುಕು ಹಾಕುವಾಗ ಅಡ್ರಿನಲಿನ್, ಕಾರ್ಟಿಸಾಲ್ ರಸಗಳು ಸ್ರವಿಸಿ, ಹೃದಯದ ಬಡಿತವೂ ರಕ್ತದೊತ್ತಡವೂ ಏರುತ್ತವೆ. ಶತ್ರುವಿಗೆ ಇದರ ಸುದ್ದಿಯೂ ತಿಳಿಯದು.

ಚಿಕಿತ್ಸೆ ಯಾವುದು? ಸಮಾನ ನೆಲೆಯಲ್ಲಿ, ಸಮಾನ ಉದ್ದೇಶಕ್ಕಾಗಿ ಬೆರೆತಾಗ ಪೂರ್ವಗ್ರಹ ಕರಗುತ್ತದೆಂದು 1954ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಪ್ರತಿಪಾದಿಸಿದರು. ಠಾಣೆ, ಡೊಂಬಿವಲಿ, ಕಲ್ಯಾಣಗಳ ಒಂದೇ ಕಟ್ಟಡದ ಮಹಡಿಗಳಲ್ಲಿ, ಒಂದೇ ಲೋಕಲ್ ಗಾಡಿಯ ಇಕ್ಕಟ್ಟಿನಲ್ಲಿ ಆ ಔಷಧ ನಮಗೆ ನಿತ್ಯವೂ ಲಭ್ಯವಿದೆ. ಹಳೆಯ ಗಾಯದ ಕಥೆಯನ್ನು ಮಕ್ಕಳಿಗೆ ಅವಶ್ಯ ಹೇಳೋಣ. ಗಾಯವನ್ನು ಮಾತ್ರ ದಾಟಿಸದಿರೋಣ.