ಜಿಪ್ಸಿಗೊಂದು ತಿದಿ

ಕಮ್ಮಾರನ ಕುಲುಮೆಯ ಮುಂದೆ ಒಂದು ಗಳಿಗೆಯಾದರೂ ನಿಂತು ನೋಡದವರು ನಮ್ಮ ಬಳಗದಲ್ಲಿ ಇರಲಾರರು. ಇದ್ದಿಲು ಅದೇ, ಬೆಂಕಿಯೂ ಅದೇ. ತಿದಿ ಒತ್ತಿದರೆ ಕಬ್ಬಿಣ ಕೆಂಪಾಗುತ್ತದೆ, ಬಿಟ್ಟರೆ ಕಪ್ಪಾಗೇ ಉಳಿಯುತ್ತದೆ. ಇದ್ದಿಲು ಎಷ್ಟೇ ಸುರಿದರೂ ಗಾಳಿ ಸಾಲದಿದ್ದರೆ ಹೊಗೆಯೇ ಗತಿ. ಮೋಟಾರು ಗಾಡಿಯ ಇಂಜಿನ್ನಿಗೂ ಇದೇ ಮಾತು ಸಲ್ಲುತ್ತದೆ. ಸೂಪರ್‌ಚಾರ್ಜರ್ ಎಂಬ ದೊಡ್ಡ ಹೆಸರಿನ ಯಂತ್ರ, ಬಿಡಿಸಿ ಹೇಳಿದರೆ, ಇಂಜಿನ್ನಿಗೆ ಕಟ್ಟಿದ ಒಂದು ತಿದಿ.

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಇದೇನು ಗ್ಯಾರೇಜಿನ ಪುರಾಣ ಎಂದು ಕೆಲವರು ಮೂಗು ಮುರಿಯಬಹುದು. ಅದರಲ್ಲೂ ಬರೆಯುತ್ತಿರುವವನು ಬಿ.ಕಾಂ. ಹುಡುಗ, ಬೀದರ ಕಡೆಯ ಕನ್ನಡ ಶಾಲೆಯಲ್ಲಿ ಓದಿದವನು. ಆದರೆ ನಾಗಪುರದ ಹಾಸ್ಟೆಲುಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆಯುವ ಮಾತುಕತೆಯನ್ನು ನೀವೂ ಕೇಳಿರುತ್ತೀರಿ: ಹಳೇ ಜಿಪ್ಸಿ ಒಂದು ಸಿಕ್ಕರೆ ಸಾಕು, ಸೂಪರ್‌ಚಾರ್ಜರ್ ಕೂರಿಸಿದರೆ ಹೊಸ ಕಾರುಗಳನ್ನೆಲ್ಲ ಹಿಂದೆ ಹಾಕಬಹುದು ಅಂತ. ಈ ಮಾತಿನಲ್ಲಿ ನಿಜ ಎಷ್ಟು, ಬಡಾಯಿ ಎಷ್ಟು ಎಂದು ಲೆಕ್ಕ ಹಾಕಲು ಇಂಜಿನಿಯರೇ ಆಗಬೇಕಿಲ್ಲ, ಜಮಾ-ಖರ್ಚು ಬರೆಯಲು ಬಂದರೆ ಸಾಕು.

ಜಿಪ್ಸಿಯನ್ನೇ ಉದಾಹರಣೆಗೆ ತೆಗೆದುಕೊಳ್ಳಲು ಕಾರಣವಿದೆ. ತಾಡೋಬಾ, ಪೆಂಚ್ ಕಾಡುಗಳಿಗೆ ಹುಲಿ ನೋಡಲು ಹೋದವರಿಗೆಲ್ಲ ಆ ತೆರೆದ ಗಾಡಿಯ ಪರಿಚಯ ಇದ್ದೇ ಇದೆ. ಮಾರುತಿಯವರು ಇದನ್ನು 1985ರಲ್ಲಿ 970 ಸಿ.ಸಿ.ಯ ಸಣ್ಣ ಇಂಜಿನ್ನಿನೊಂದಿಗೆ ಹೊರತಂದರು. 1996ರಲ್ಲಿ 1298 ಸಿ.ಸಿ. ಬಂತು, ಆಮೇಲೆ ಅದೇ ಇಂಜಿನ್ 80 ಅಶ್ವಶಕ್ತಿಗೆ ಏರಿತು. 2019ರ ಹೊತ್ತಿಗೆ ಜನಸಾಮಾನ್ಯರಿಗೆ ಮಾರುವುದು ನಿಂತೇಹೋಯಿತು. ತೂಕ ಸುಮಾರು ಒಂದು ಟನ್. ಮುಖ್ಯವಾಗಿ, ಇದು ಪೆಟ್ರೋಲ್ ಗಾಡಿ. ಡೀಸೆಲಿನ ಸಫಾರಿ, ಸ್ಕಾರ್ಪಿಯೋಗಳಿಗೆ ಕಂಪನಿಯೇ ಟರ್ಬೋ ಎಂಬ ಇನ್ನೊಂದು ಬಗೆಯ ತಿದಿ ಕಟ್ಟಿ ಕಳಿಸಿದೆ. ಜಿಪ್ಸಿಗೆ ಯಾವುದೂ ಇಲ್ಲ, ತನ್ನ ಉಸಿರು ತಾನೇ ಎಳೆದುಕೊಳ್ಳಬೇಕು.

ಎಷ್ಟು ಉಸಿರು? ಇಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಹೆಚ್ಚೆಂದರೆ 1.3 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಅದರ ತೂಕ ಒಂದೂವರೆ ಗ್ರಾಂ ಮಾತ್ರ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಅಂದ್ರೆ ಪ್ರತಿ ಸಲವೂ ಉರಿಯುವ ಪೆಟ್ರೋಲ್ ಒಂದು ಗ್ರಾಮಿನ ಹತ್ತನೇ ಒಂದು ಪಾಲು. ಆಕ್ಸಿಲರೇಟರ್ ಎಷ್ಟು ತುಳಿದರೂ ಇದಕ್ಕಿಂತ ಹೆಚ್ಚು ಉರಿಸಲು ಬರುವುದಿಲ್ಲ, ಯಾಕಂದ್ರೆ ಗಾಳಿಯೇ ಇಲ್ಲ.

ಗಾಳಿ ಎಲ್ಲ ಕಡೆ ಒಂದೇ ತೂಗುವುದೂ ಇಲ್ಲ ನೋಡ್ರಿ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಇರುವ ಗಾಳಿಯನ್ನು ನೂರು ಎಂದು ಇಟ್ಟುಕೊಂಡರೆ, ಮೇ ತಿಂಗಳಿನಲ್ಲಿ 45 ಡಿಗ್ರಿ ಮುಟ್ಟುವ, 310 ಮೀಟರ್ ಎತ್ತರದ ನಾಗಪುರದಲ್ಲಿ ಅದೇ ಗಾಳಿ ಸುಮಾರು 87ಕ್ಕೆ ಇಳಿಯುತ್ತದೆ. ತಂಪೂರು ಬೆಂಗಳೂರೇ ವಾಸಿ ಎಂದುಕೊಳ್ಳಬೇಡಿ. ಅಲ್ಲಿ 28 ಡಿಗ್ರಿಯ ದಿನವಾದರೂ ಊರು 900 ಮೀಟರಿಗೂ ಮೇಲಿದೆ. ಲೆಕ್ಕ ಹಾಕಿದರೆ ಅಲ್ಲಿಯೂ 86ರ ಆಸುಪಾಸೇ. ನಮ್ಮ ಬಿಸಿಲೂ ಅವರ ಎತ್ತರವೂ ಇಂಜಿನ್ನಿನ ಕಣ್ಣಿಗೆ ಒಂದೇ.

ಈ ಎತ್ತರದ ತೊಂದರೆಯೇ ವಿಮಾನಗಳಿಗೆ ಸೂಪರ್‌ಚಾರ್ಜರನ್ನು ಅನಿವಾರ್ಯ ಮಾಡಿದ್ದು. ಆದರೆ ಅದರ ಕಥೆ ಶುರುವಾಗುವುದು ಕಬ್ಬಿಣದ ಕುಲುಮೆಯಲ್ಲೇ. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟು ಪಡೆದ ಬ್ಲೋವರ್ ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಊದುವ ಯಂತ್ರ. (1923ರಲ್ಲಿ ಆರಂಭವಾದ ನಮ್ಮ ಭದ್ರಾವತಿಯ ಕಾರ್ಖಾನೆಯೂ ಮೊದಲು ಇದ್ದಿಲಿನ ಕುಲುಮೆಯೇ, ಯಂತ್ರದಿಂದ ಗಾಳಿ ಊದಿಯೇ ಅಲ್ಲಿ ಅದಿರು ಕರಗಿಸಿದ್ದು. ಆ ಕಾರ್ಖಾನೆಯನ್ನು ನಡೆಸಿದ ವಿಶ್ವೇಶ್ವರಯ್ಯನವರ ಹೆಸರಿನಲ್ಲೇ 1960ರಲ್ಲಿ ನಾಗಪುರದ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು ಎಂಬುದನ್ನು ಇಲ್ಲಿಯ ಕನ್ನಡಿಗರಾದ ನಾವು ಜ್ಞಾಪಕ ಇಟ್ಟುಕೊಳ್ಳಬೇಕು.) 1885ರಲ್ಲಿ ಜರ್ಮನಿಯ ಡೈಮ್ಲರ್ ಇಂಜಿನ್ನಿಗೆ ಗಾಳಿ ತುಂಬುವ ಉಪಾಯಕ್ಕೆ ಪೇಟೆಂಟು ಮಾಡಿಸಿದ. ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕನ್ ಸೈನ್ಯದ ಡಕೋಟ, ಕ್ಯಾಟಲೀನಾ ವಿಮಾನಗಳು ರಿಪೇರಿಯಾಗುತ್ತಿದ್ದವು. ಅವುಗಳ ಇಂಜಿನ್ನಿನೊಳಗೆ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು. ಹಾಗಾಗಿ ಈ ಯಂತ್ರ ನಮ್ಮ ನಾಡಿಗೆ ಬಂದು ಎಂಬತ್ತು ವರ್ಷ ಆಯಿತು. ನಮ್ಮ ಹುಡುಗರಿಗೆ ಮಾತ್ರ ಇದು ನಿನ್ನೆ ಮೊನ್ನೆ ಕಂಡದ್ದು!

ಇನ್ನು ಅದು ಕೆಲಸ ಮಾಡುವ ರೀತಿ. ಚಿತ್ರ ಹಾಕಲು ನಮ್ಮ ಪತ್ರಿಕೆಯಲ್ಲಿ ಅನುಕೂಲವಿಲ್ಲದ್ದರಿಂದ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಿ. ಕಬ್ಬಿನ ರಸ ತೆಗೆಯುವ ಗಾಣದಲ್ಲಿ ಎರಡು ರೋಲು ಎದುರುಬದುರು ತಿರುಗುತ್ತವಲ್ಲ, ಹಾಗೆಯೇ ರೂಟ್ಸ್ ಮಾದರಿಯಲ್ಲಿ ಎಂಟರ ಅಂಕಿಯಂಥ ಎರಡು ಉಂಡೆಗಳು ಡಬ್ಬದೊಳಗೆ ತಿರುಗುತ್ತವೆ. ವ್ಯತ್ಯಾಸವೇನಂದರೆ, ಗಾಣದಲ್ಲಿ ಕಬ್ಬು ನಡುವೆ ಹೋಗುತ್ತದೆ. ಇಲ್ಲಿ ಗಾಳಿ ಉಂಡೆಗೂ ಡಬ್ಬದ ಗೋಡೆಗೂ ನಡುವೆ ಸಿಕ್ಕಿ ಹೊರಬದಿಯಿಂದ ಸಾಗುತ್ತದೆ. ಇಂಜಿನ್ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿ ಬಂದು ಬೀಳುವುದರಿಂದ ಒಳಕೊಳವೆಯಲ್ಲಿ ಒತ್ತಡ ಏರುತ್ತದೆ. ಈ ಉಂಡೆಗಳನ್ನು ತಿರುಗಿಸುವುದು ಇಂಜಿನ್ನೇ, ಮುಂಭಾಗದ ಬೆಲ್ಟಿನ ಮೂಲಕ. ತಿರುಪಿನಾಕಾರದ್ದು, ಫ್ಯಾನಿನಂತೆ ಗಾಳಿ ಎಸೆಯುವುದು ಎಂದು ಬೇರೆ ಜಾತಿಗಳೂ ಇವೆ. ಟರ್ಬೋಗೆ ಬೆಲ್ಟು ಇಲ್ಲ, ಸೈಲೆನ್ಸರಿಗೆ ಹೋಗುವ ಹೊಗೆಯೇ ಅದನ್ನು ತಿರುಗಿಸುತ್ತದೆ. ಕಾಸ್ಟ್ ಅಕೌಂಟಿಂಗ್ ಓದುವವರಿಗೆ ಹೇಳುವುದಾದರೆ ಟರ್ಬೋ ಉಪೋತ್ಪನ್ನದಿಂದ ದುಡಿಯುತ್ತದೆ, ಸೂಪರ್‌ಚಾರ್ಜರ್ ಅಂಗಡಿಯ ಗಲ್ಲಾದಿಂದಲೇ ಬಂಡವಾಳ ಎತ್ತಿಕೊಳ್ಳುತ್ತದೆ. ಆದರೆ ಟರ್ಬೋ ಹೊಗೆ ಜೋರಾಗುವತನಕ ಕಾಯಬೇಕು. ಬೆಲ್ಟಿನದು ಕಾಲು ತುಳಿದ ಕ್ಷಣವೇ ಕೊಡುತ್ತದೆ. ನಿಂತಲ್ಲಿಂದ ಚಿಮ್ಮಬೇಕಾದ ಡ್ರ್ಯಾಗ್ ಓಟಗಾರರಲ್ಲಿ ಬಹಳ ಜನ ಇದನ್ನು ಮೆಚ್ಚುವುದು ಇದಕ್ಕೇ.

ಈಗ ಜಮಾ-ಖರ್ಚಿಗೆ ಬರೋಣ. ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದೆವು ಎಂದಿಟ್ಟುಕೊಳ್ಳಿ. 80 ಅಶ್ವಶಕ್ತಿಯ ಒಂದೂವರೆ ಪಟ್ಟು 120. ಹಾಸ್ಟೆಲಿನ ಲೆಕ್ಕ ಇಲ್ಲಿಗೇ ಮುಗಿದು ಎಲ್ಲರೂ ಚಹಾ ಕುಡಿಯಲು ಹೋಗುತ್ತಾರೆ. ಇದು ಒಟ್ಟು ಲಾಭ, ಅಷ್ಟೇ. ಸೈಕಲ್ ಪಂಪು ಹೊಡೆಯುವಾಗ ಅದರ ತಳ ಬಿಸಿಯಾಗುವುದನ್ನು ಮುಟ್ಟಿ ನೋಡಿದ್ದೀರಲ್ಲ? ಅದುಮಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. 45 ಡಿಗ್ರಿಯ ಗಾಳಿ ಸಾಧಾರಣ ರೂಟ್ಸ್ ಯಂತ್ರದಿಂದ ಹೊರಬರುವಾಗ ಸುಮಾರು 110 ಡಿಗ್ರಿ ಆಗಿರುತ್ತದೆ. ಒತ್ತಡ ಒಂದೂವರೆ ಪಟ್ಟು ಹೌದು, ಆದರೆ ಗಾಳಿಯ ತೂಕ ಹೆಚ್ಚಿದ್ದು ನೂರಕ್ಕೆ 25 ಮಾತ್ರ. 120 ಎಂದದ್ದು 100ಕ್ಕೆ ಇಳಿಯಿತು. ಬೆಲ್ಟು ಎಳೆಯಲು ಏಳೆಂಟು ಅಶ್ವಶಕ್ತಿ ಖರ್ಚು. ಕೈಗೆ ಉಳಿಯುವುದು 92!

ಇದಕ್ಕೇ ಇಂಟರ್‌ಕೂಲರ್ ಬೇಕು. ಸೂಪರ್‌ಚಾರ್ಜರಿಗೂ ಇಂಜಿನ್ನಿಗೂ ನಡುವೆ ಇಟ್ಟ ರೇಡಿಯೇಟರ್ ಅದು. ಗಾಳಿಯನ್ನು 60 ಡಿಗ್ರಿಗೆ ತಂದರೆ ತೂಕದ ಲಾಭ ನೂರಕ್ಕೆ 43ರಷ್ಟಾಗಿ, ಬೆಲ್ಟಿನ ಖರ್ಚು ಕಳೆದು 106 ಅಶ್ವಶಕ್ತಿ ಉಳಿದೀತು. ಆದರೆ ಇಂಟರ್‌ಕೂಲರ್ ಹೊರಗಿನ ಗಾಳಿಗಿಂತ ತಣ್ಣಗೆ ಮಾಡಲಾರದು, ಹೊರಗೇ 45 ಇದ್ದರೆ ಅದಾದರೂ ಏನು ಮಾಡೀತು? ಅದರ ಮೇಲೆ ನೀರು ಚಿಮುಕಿಸುವ ಪದ್ಧತಿಯೂ ಉಂಟು. ನಾಗಪುರದಲ್ಲಿ ಬೇಸಿಗೆ ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಮನೆಯ ಕಿಟಕಿಗೆ ಕೂರಿಸಿದ ಕೂಲರಿನ ಯುಕ್ತಿಯೇ ಇದು.

ಶಾಖದ ಇನ್ನೊಂದು ಕಾಟ ಜೀವಕ್ಕೇ ಬರುತ್ತದೆ, ಅಂದರೆ ಇಂಜಿನ್ನಿನ ಜೀವಕ್ಕೆ. ಬಿಸಿಗಾಳಿ, ಹೆಚ್ಚಿನ ಒತ್ತಡ ಎರಡೂ ಸೇರಿದರೆ ಮಿಶ್ರಣದ ಒಂದಿಷ್ಟು ಭಾಗ ಪ್ಲಗ್ಗಿನ ಕಿಡಿಯಿಂದ ಹೊರಟ ಉರಿ ತಲುಪುವ ಮೊದಲೇ ತಾನೇ ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ಇದಕ್ಕೆ ನಾಕಿಂಗ್ ಅನ್ನುತ್ತಾರೆ. ಪಿಸ್ಟನ್ನಿನ ತಲೆಗೆ ಸುತ್ತಿಗೆಯಲ್ಲಿ ಹೊಡೆದಂತೆ. ಸೆಕೆಂಡುಗಳಲ್ಲಿ ಪಿಸ್ಟನ್ ಒಡೆಯಬಹುದು, ಹೆಡ್ ಗ್ಯಾಸ್ಕೆಟ್ ಹಾರಬಹುದು. ಆದ್ದರಿಂದ ಕಿಡಿಯ ಹೊತ್ತನ್ನು ತುಸು ಹಿಂದೆ ಸರಿಸಬೇಕು, ಹೆಚ್ಚು ಆಕ್ಟೇನಿನ ಪೆಟ್ರೋಲ್ ಹಾಕಬೇಕು. ಮಿಶ್ರಣವನ್ನೂ 14.7ರಿಂದ 12ರ ಹತ್ತಿರಕ್ಕೆ ಗಟ್ಟಿ ಮಾಡಬೇಕು. ಅಷ್ಟು ಪೆಟ್ರೋಲ್ ಒದಗಿಸಲು ಇಂಜೆಕ್ಟರ್, ಪಂಪು ದೊಡ್ಡವಾಗಬೇಕು; ಅವುಗಳನ್ನು ಆಳುವ ಕಂಪ್ಯೂಟರಿಗೆ ಹೊಸ ಲೆಕ್ಕ ಬರೆಯಬೇಕು. ಸೂಪರ್‌ಚಾರ್ಜರಿನ ಬೆಲೆ ಮಾತ್ರ ಕೇಳಿಕೊಂಡು ಬಂದವರು ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಇನ್ನೂ ಕ್ಲಚ್ಚಿನ ಮಾತೇ ಎತ್ತಿಲ್ಲ.

ಇಷ್ಟೆಲ್ಲ ಮಾಡಿ ಓಟದಲ್ಲಿ ಸಿಗುವುದೆಷ್ಟು? ಡ್ರ್ಯಾಗ್ ಓಟವೆಂದರೆ ಇಬ್ಬರು ಪಕ್ಕಪಕ್ಕದಲ್ಲಿ ನಿಂತು, ಹಸಿರು ದೀಪ ಕಂಡೊಡನೆ ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಓಡುವುದು. ಇಲ್ಲಿ ಒಂದು ವಿಚಿತ್ರ ನಿಯಮ ಇದೆ. ಗಾಳಿಯ ತಡೆ, ಚಕ್ರದ ಜಾರಿಕೆ ಬಿಟ್ಟು ನೋಡಿದರೂ ಶಕ್ತಿ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಸಮಯ ಇಳಿಯುವುದಿಲ್ಲ, ಶಕ್ತಿಯ ಘನಮೂಲದ ಪ್ರಮಾಣದಲ್ಲಿ ಮಾತ್ರ ಇಳಿಯುತ್ತದೆ. 20 ಸೆಕೆಂಡಿನಲ್ಲಿ ಓಡುವ ಜಿಪ್ಸಿಗೆ 80ರ ಬದಲು 106 ಅಶ್ವಶಕ್ತಿ ಕೊಟ್ಟರೆ 18.2 ಸೆಕೆಂಡು. ಇಂಟರ್‌ಕೂಲರ್ ಇಲ್ಲದ 92ಕ್ಕೆ 19.1. ಹತ್ತೇ ಸೆಕೆಂಡಿನಲ್ಲಿ ಓಡಬೇಕೆಂದರೆ ಶಕ್ತಿ ಎಂಟು ಪಟ್ಟು, 640 ಆಗಬೇಕು! ಅರ್ಥಶಾಸ್ತ್ರದ ಮೇಷ್ಟ್ರು ಇಳಿಮುಖ ಪ್ರತಿಫಲ ನಿಯಮಕ್ಕೆ ಯಾವಾಗಲೂ ಗೊಬ್ಬರದ ಉದಾಹರಣೆ ಕೊಡುತ್ತಾರೆ, ಇದು ಅದಕ್ಕಿಂತ ಚೆನ್ನಾಗಿದೆ. ತೂಕದ್ದೂ ಇದೇ ನಿಯಮ. ಹಿಂದಿನ ಸೀಟು, ಸ್ಟೆಪ್ನಿ, ಬೇಡದ ಕಬ್ಬಿಣ ತೆಗೆದು ನೂರು ಕೆ.ಜಿ. ಇಳಿಸಿದರೆ ಮುಕ್ಕಾಲು ಸೆಕೆಂಡಿನ ಹತ್ತಿರ ಉಳಿಯುತ್ತದೆ, ಅದೂ ಪುಕ್ಕಟೆ. ನನ್ನನ್ನು ಕೇಳಿದರೆ ಹಳೇ ಗಾಡಿಯವನು ಸ್ಪ್ಯಾನರ್ ಹಿಡಿಯಬೇಕಾದದ್ದು ಮೊದಲು ಇಲ್ಲಿ.

ಎಲ್ಲಿ ಓಡಿಸುವುದು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಅಮೆರಿಕದಲ್ಲಿ ಈ ಆಟ ಯುದ್ಧಾನಂತರ ಖಾಲಿ ಬಿದ್ದ ವಿಮಾನದ ಪಟ್ಟಿಗಳ ಮೇಲೆ ಬೆಳೆಯಿತು. ನಮ್ಮಲ್ಲಿಯೂ ಲೋಣಾವಳದ ಆಚೆಯ ಆಂಬಿ ವ್ಯಾಲಿ, ಬೆಂಗಳೂರಿನ ಜಕ್ಕೂರು ವಿಮಾನ ಪಟ್ಟಿಗಳ ಮೇಲೆ ಓಟಗಳು ನಡೆದಿವೆ. ಅಲ್ಲಿ ಗಾಡಿ ತಪಾಸಣೆ ಇರುತ್ತದೆ, ಹೆಲ್ಮೆಟ್ಟು ಇರುತ್ತದೆ, ಗೆರೆ ದಾಟಿದ ಮೇಲೆ ನಿಲ್ಲಲು ಉದ್ದನೆಯ ಜಾಗ ಇರುತ್ತದೆ. ನಾಗಪುರದ ಹುಡುಗರಿಗೆ ಕಣ್ಣೆದುರು ಕಾಣುವುದು ರಿಂಗ್ ರೋಡು. ಅದು ಸಾಲದೆ, ಮುಂಬೈಗೆ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗ. ಅದರ ಮೊದಲ ಭಾಗ 2022ರ ಡಿಸೆಂಬರಿನಲ್ಲಿ, ಕೊನೆಯದು 2025ರಲ್ಲಿ ತೆರೆಯಿತು. ನೇರ, ನುಣುಪು, ಕಾಂಕ್ರೀಟಿನ ದಾರಿ. ಆಸೆ ಹುಟ್ಟುವುದು ಸಹಜ. ಆದರೆ ಆ ದಾರಿಯಲ್ಲಿ ಮುಂದೆ ಲಾರಿ ಇರುತ್ತದೆ, ಲಾರಿಯ ಹಿಂದೆ ದೀಪ ಇರುವುದಿಲ್ಲ. ರಿಂಗ್ ರೋಡಿನಲ್ಲಂತೂ ಮೊಸರು ತರಲು ಹೊರಟ ಅಜ್ಜಿಯೂ ದಾಟುತ್ತಿರುತ್ತಾಳೆ. ಅವಳು ಯಾವ ಪಂದ್ಯಕ್ಕೂ ಹೆಸರು ಕೊಟ್ಟಿಲ್ಲ.

ಕಾನೂನಿನ ಮಾತು ಚಿಕ್ಕದು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೂ ಆರು ತಿಂಗಳವರೆಗೆ ಸಜೆ ಅಥವಾ 5000 ರೂಪಾಯಿವರೆಗೆ ದಂಡ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಬೇರೆಯೇ ಅಪರಾಧ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮಿನ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ. ಹಾಗಾಗಿ ನಿಜವಾಗಿ ಓಡಿಸಬೇಕೆನ್ನುವವನು ಆ ಗಾಡಿಯನ್ನು ಪಟ್ಟಿಗೆ ಮಾತ್ರ ಮೀಸಲಿಟ್ಟು, ಲಾರಿಯ ಮೇಲೇರಿಸಿಯೇ ಒಯ್ಯಬೇಕು. ಆ ಬಾಡಿಗೆಯೂ ಖರ್ಚಿನ ಕಲಮಿಗೆ ಸೇರಲಿ.

ಇಷ್ಟು ತಿಳಿದೂ ಕೈ ಹಾಕುವವರು ಕೆಲಸವನ್ನು ಬ್ರೇಕಿನಿಂದ ಶುರುಮಾಡುವುದು ಒಳ್ಳೆಯದು. ಜಿಪ್ಸಿಗೆ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ವೇಗ 100ರಿಂದ 130ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 69ರಷ್ಟು ಹೆಚ್ಚುತ್ತದೆ, ಆದರೆ ಡಿಸ್ಕು ಮಾತ್ರ ಹಳೆಯದೇ. ಆಮೇಲೆ ಟೈರು: ಎತ್ತರದ ಗಾಡಿಗೆ ಹಳೇ ಟೈರು ಸಿಡಿದರೆ ಪಲ್ಟಿಯೇ. ಆಮೇಲೆ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಗೇಜು ಹಾಕಿ ನೋಡಬೇಕು. ನಾಲ್ಕರಲ್ಲಿ ಒಂದು ಉಳಿದವಕ್ಕಿಂತ ಬಹಳ ಕೆಳಗೆ ಬಂದರೆ ಉಂಗುರವೋ ವಾಲ್ವೋ ಸವೆದಿದೆ ಎಂದರ್ಥ. ಅಂಥ ಇಂಜಿನ್ನಿಗೆ ತಿದಿ ಕಟ್ಟುವ ಮೊದಲು ಬೋರಿಂಗ್ ಮಾಡುವವನ ಹತ್ತಿರ ಹೋಗಬೇಕು.