ತುಕ್ಕಿಗೆ ತೊಡಿಸಿದ ಅಂಗಿ

ಕಾರು ಕೊಳ್ಳುವವರು ಅದರ ಬಣ್ಣವನ್ನು ನೋಡುತ್ತಾರೆ, ಆಸನವನ್ನು ಒತ್ತಿ ನೋಡುತ್ತಾರೆ. ಬಲ್ಲವರು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. ಬಗ್ಗಿ ಅದರ ಅಡಿಭಾಗವನ್ನು ನೋಡುವವರು ವಿರಳ. ನಾನೂ ನೋಡಿದವನಲ್ಲ. ಆ ಅಲಕ್ಷ್ಯದಿಂದ ಕಲಿತ ಪಾಠವೊಂದನ್ನು ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಮಂಗಳೂರಿನಲ್ಲಿ ಅಧ್ಯಾಪಕನಾಗಿದ್ದಾಗ, 1994ರಲ್ಲಿ, ಹಳೆಯದೊಂದು ಕಾರನ್ನು ಕೊಂಡೆ. ಕರಾವಳಿಯ ಗಾಳಿ ಕಬ್ಬಿಣಕ್ಕೆ ಆಗದೆಂದು ಸ್ನೇಹಿತರು ಎಚ್ಚರಿಸಿದ್ದರು. ಆದುದರಿಂದ ಆ ವರ್ಷದ ಮಳೆ ಕಡಮೆಯಾಗುತ್ತಲೇ ಅಡಿಭಾಗಕ್ಕೆ ಡಾಮರಿನ ಲೇಪ ಹೊಡೆಸಿದೆ. ಬೆಳಿಗ್ಗೆ ನೀರು ಚಿಮ್ಮಿಸಿ ತೊಳೆದರು. ಮಧ್ಯಾಹ್ನದೊಳಗೆ ಕಪ್ಪು ಲೇಪವನ್ನು ಸಿಂಪಡಿಸಿ ಒಪ್ಪಿಸಿದರು. ಅಡಿಯೆಲ್ಲ ಎರಕ ಹೊಯ್ದಂತೆ ಒಂದೇ ಸಮನಾಗಿ ಕಾಣುತ್ತಿತ್ತು. ಅನಂತರ ನಾಲ್ಕು ವರ್ಷ ನಾನು ನಿಶ್ಚಿಂತನಾಗಿದ್ದೆ.

1998ರಲ್ಲಿ ಬ್ರೇಕಿನ ಕೆಲಸಕ್ಕೆಂದು ಕಾರನ್ನು ಮೇಲಕ್ಕೆತ್ತಿದ ಹಿರಿಯ ಮೆಕ್ಯಾನಿಕ್ಕರು, ಹಿಂದಿನ ಆಸನದ ಕೆಳಗಿನ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರು. ಲೋಹದ ಸದ್ದು ಬರಲಿಲ್ಲ. ಒದ್ದೆ ರಟ್ಟನ್ನು ತಟ್ಟಿದಂತಾಯಿತು. ಅದರ ಮೊನೆಯಿಂದ ಒತ್ತಿದರು. ಅದು ಸಲೀಸಾಗಿ ಒಳಗೆ ಹೋಯಿತು.

“ಹಪ್ಪಳ ಆಗಿದೆ ಮಾಷ್ಟ್ರೇ. ಈ ಕರಿ ಲೇಪ ಉಂಟಲ್ಲ, ಅದೇ ಹಿಡಿದುಕೊಂಡಿರುವುದು. ಒಳಗೆ ತಗಡೇ ಇಲ್ಲ,” ಎಂದರು.

ಆ ತಗಡಿನ ಮೇಲಿನ ಆಸನದಲ್ಲಿ ಕುಳಿತು ನನ್ನ ಮಗಳು ದಿನವೂ ಶಾಲೆಗೆ ಹೋಗುತ್ತಿದ್ದಳು.

ಲೇಪವೇ ಮೋಸಮಾಡಿತೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಹೇಳಬೇಕಾದರೆ ತುಕ್ಕಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಕಬ್ಬಿಣ ತುಕ್ಕು ಹಿಡಿಯಲು ನೀರು ಬೇಕು, ಗಾಳಿಯಲ್ಲಿನ ಆಮ್ಲಜನಕ ಬೇಕು. ನೀರಿಗೆ ಉಪ್ಪು ಬೆರೆತರೆ ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ತ್ವರಿತವಾಗುತ್ತದೆ. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವುಂಟು. ಕಡಲ ಗಾಳಿ ಅದನ್ನು ಸೂಕ್ಷ್ಮವಾದ ತುಂತುರಾಗಿ ಹೊತ್ತು ತರುತ್ತದೆ. ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರನ್ನು ಚಕ್ರಗಳು ಮೇಲಕ್ಕೆ ಎರಚುತ್ತವೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೂರುವುದನ್ನು ಎಲ್ಲರೂ ಕಂಡಿದ್ದೇವೆ. ಗಾಳಿಯ ತೇವಾಂಶ ನೂರಕ್ಕೆ 75ನ್ನು ಮೀರಿದರೆ ಅಡುಗೆಯ ಉಪ್ಪು ತಾನೇ ನೀರನ್ನು ಹೀರಿ ಕರಗುತ್ತದೆ. ಕಾರಿನ ಅಡಿಗೆ ಅಂಟಿದ ಉಪ್ಪೂ ಹಾಗೆಯೇ. ಮಳೆಯಿಲ್ಲದ ರಾತ್ರಿಯಲ್ಲಿಯೂ ಅಲ್ಲಿ ಪಸೆ ಆರುವುದಿಲ್ಲ.

ಇನ್ನೊಂದು ಸಂಗತಿ: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಅದು ಉಬ್ಬಿ, ಪದರ ಪದರವಾಗಿ ಏಳುತ್ತದೆ. ಆ ಪದರಗಳಲ್ಲಿ ರಂಧ್ರಗಳಿರುವುದರಿಂದ ಒಳಗಿನ ಲೋಹಕ್ಕೆ ಅವು ಮರೆಯಾಗಲಾರವು.

ನನ್ನ ಕಾರಿಗಾದದ್ದು ಇಷ್ಟೇ. ಬೆಳಿಗ್ಗೆ ತೊಳೆದ ನೀರು ಸಂದುಗಳಲ್ಲಿ ಆರುವ ಮೊದಲೇ ಮಧ್ಯಾಹ್ನ ಲೇಪ ಬಿತ್ತು. ಹಳೆಯ ತುಕ್ಕು, ಉಪ್ಪು, ಕೆಸರು, ತೇವ ಎಲ್ಲವೂ ಅದರೊಳಗೆ ಭದ್ರವಾದವು. ಮೇಲಾಗಿ, ನೀರು ಬಸಿದುಹೋಗಲೆಂದು ತಗಡಿನಲ್ಲಿ ಬಿಟ್ಟಿದ್ದ ಸಣ್ಣ ತೂತುಗಳೂ ಮುಚ್ಚಿಹೋದವು. ಡಾಮರಿನ ಲೇಪ ವರ್ಷಗಳು ಕಳೆದಂತೆ ಪೆಡಸಾಗಿ ಕೂದಲೆಳೆಯಂತೆ ಬಿರಿಯುತ್ತದೆ. ಬಿರುಕಿನಲ್ಲಿ ಒಳಹೊಕ್ಕ ನೀರು ಹೊರಬರುವ ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. ನಾನು ತೊಡಿಸಿದ ಅಂಗಿ ಕಬ್ಬಿಣವನ್ನು ಕಾಯಲಿಲ್ಲ, ತುಕ್ಕನ್ನು ಕಾಯಿತು.

ಹಾಗೆಂದು ಲೇಪವೇ ಬೇಡವೆನ್ನುವುದು ಸರಿಯಲ್ಲ. ಬೇಕಾದುದು ಕ್ರಮ. ಮೊದಲು ಸಿಹಿನೀರಿನಿಂದ, ಚಕ್ರಗಳ ಮೇಲಿನ ಗೂಡುಗಳನ್ನೂ ಬಿಡದೆ, ಉಪ್ಪು ಹೋಗುವಂತೆ ತೊಳೆಯಬೇಕು. ಬಿಸಿಲಿನ ದಿನಗಳಲ್ಲಿ ಸಂದುಗೊಂದುಗಳೆಲ್ಲ ಒಣಗುವವರೆಗೆ ಕಾಯಬೇಕು. ಎದ್ದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು, ಬರಿಯಾದ ಕಬ್ಬಿಣಕ್ಕೆ ಸತುವಿನ ಪ್ರೈಮರ್ ಹಚ್ಚಬೇಕು. ಸತುವು ಕಬ್ಬಿಣಕ್ಕೆ ಮೊದಲು ತಾನು ಸವೆದು ಅದನ್ನು ಉಳಿಸುತ್ತದೆ. ಅನಂತರವೇ ಲೇಪ. ಸೈಲೆನ್ಸರ್, ಬ್ರೇಕು, ತಿರುಗುವ ಭಾಗಗಳು, ನೀರು ಬಸಿಯುವ ತೂತುಗಳು—ಇವುಗಳ ಮೇಲೆ ಅದು ಬೀಳಕೂಡದು.

ಲೇಪಗಳಲ್ಲಿಯೂ ಬಗೆಗಳಿವೆ. ರಬ್ಬರು ಬೆರೆತ ದಪ್ಪ ಲೇಪ ಚಕ್ರಗಳು ಸಿಡಿಸುವ ಕಲ್ಲಿನ ಪೆಟ್ಟನ್ನು ತಾಳುತ್ತದೆ. ಮೇಣದ ಲೇಪ ಮೆದುವಾದುದು. ಟೊಳ್ಳು ಭಾಗಗಳ ಒಳಕ್ಕೂ ಬೆಸುಗೆಯ ಸಂದುಗಳಿಗೂ ಇಳಿಯುತ್ತದೆ. ಎಣ್ಣೆಯ ಲೇಪ ಎಲ್ಲಕ್ಕಿಂತ ಚೆನ್ನಾಗಿ ಹರಡಿದರೂ ಬೇಗ ತೊಳೆದುಹೋಗುವುದರಿಂದ ವರ್ಷವರ್ಷವೂ ಹೊಡೆಸಬೇಕು. ಇತ್ತೀಚಿನ ಕಾರುಗಳ ಒಡಲನ್ನು ಕಾರ್ಖಾನೆಯಲ್ಲಿಯೇ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಬಲದಿಂದ ಮೂಲೆಮೂಲೆಗೂ ಬಣ್ಣ ಕೂರಿಸುತ್ತಾರೆ. ಅನೇಕ ಕಾರುಗಳ ತಗಡಿಗೆ ಸತುವಿನ ಹೊದಿಕೆಯೂ ಇರುತ್ತದೆ. ಅವು ನನ್ನ ಹಳೆಯ ಕಾರಿನಷ್ಟು ನಿರ್ಗತಿಕವಲ್ಲ. ಆದರೂ ಕಲ್ಲು ತಾಗಿ ಬಣ್ಣ ಎದ್ದ ಕಡೆ ಅವುಗಳಿಗೂ ಅದೇ ಕಷ್ಟ.

ದೆಹಲಿಯ ಕಬ್ಬಿಣದ ಕಂಬ ಸುಮಾರು 1,600 ವರ್ಷಗಳಿಂದ ಬಯಲಿನಲ್ಲಿ ನಿಂತಿದೆಯಲ್ಲ, ಅದಕ್ಕೆ ಯಾರು ಲೇಪ ಹೊಡೆದರು ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದುಂಟು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಕಂಬ ತನ್ನ ಮೈಮೇಲೆ ತಾನೇ ತೆಳುವಾದ ರಕ್ಷಣೆಯ ಪೊರೆಯನ್ನು ನೇಯ್ದುಕೊಂಡಿದೆ. ಇಂದಿನ ಉಕ್ಕನ್ನು ತಯಾರಿಸುವಾಗ, ಅದು ಪೆಡಸಾಗಬಾರದೆಂದು ರಂಜಕವನ್ನು ಬಹುಮಟ್ಟಿಗೆ ತೆಗೆದುಬಿಡುತ್ತಾರೆ. ಅದಕ್ಕೆ ಹೊರಗಿನ ಹೊದಿಕೆಯೇ ಗತಿ.

ಹೊದಿಕೆ ಹಾಕುವ ಬಗೆಯನ್ನು ತಿಳಿಯಲು ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಕರಾವಳಿಯ ಮೀನುಗಾರರು ಮರದ ದೋಣಿಗೆ ಗೇರುಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಬಳಿಯುವ ಮೊದಲು ದೋಣಿಯನ್ನು ದಡಕ್ಕೆಳೆದು, ಮೈಗಂಟಿದ್ದನ್ನೆಲ್ಲ ಕೆರೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುತ್ತಿದ್ದರು. ಒಮ್ಮೆ ಬಳಿದು ಮರೆತುಬಿಡುವ ಕೆಲಸವಾಗಿರಲಿಲ್ಲ ಅದು. ಸಮುದ್ರದ ಬದಿಯಲ್ಲಿಯೇ ವಾಸವಾಗಿದ್ದ ನನಗೆ ಮಾತ್ರ ಅದು ಕಣ್ಣಿಗೆ ಬಿದ್ದಿರಲಿಲ್ಲ.

ಕಾರಿಗೆ ಹೊಸ ತಗಡನ್ನು ಬೆಸೆಯಿಸಿ ಮತ್ತೆ ಆರು ವರ್ಷ ಓಡಿಸಿದೆ. ಪ್ರತಿ ಡಿಸೆಂಬರಿನಲ್ಲಿಯೂ ಅದನ್ನು ಗ್ಯಾರೇಜಿನಲ್ಲಿ ಮೇಲೆತ್ತಿಸಿ, ಅಡಿಯಲ್ಲಿ ನಿಂತು, ಉದ್ದಕ್ಕೂ ತಟ್ಟಿ ನೋಡುತ್ತಿದ್ದೆ. ಮಗಳು ಈಗ ತನ್ನದೇ ಕಾರನ್ನು ಓಡಿಸುತ್ತಾಳೆ. ಹೊಸದಾಗಿ ಲೇಪ ಹೊಡೆಸಿದೆನೆಂದು ಮೊನ್ನೆ ಸಂತೋಷದಿಂದ ತಿಳಿಸಿದಳು. “ಹೊಡೆಯುವ ಮೊದಲು ಎಷ್ಟು ದಿನ ಒಣಗಿಸಿದರು, ಮಗಳೇ?” ಎಂದು ಕೇಳಿದೆ.