ಕೆಲಸ ಹೋದರೂ ಕೈಕಸುಬು ಕೈಬಿಡದು

ಐರೋಲಿ: ಬೆಳಗಿನ ಹೊತ್ತು ಥಾಣೆ-ಬೇಲಾಪುರ ರಸ್ತೆಯಲ್ಲಿ ನಿಂತರೆ ಕೊರಳಿಗೆ ಗುರುತುಚೀಟಿ ತೂಗಿಸಿಕೊಂಡು ಐಟಿ ಪಾರ್ಕುಗಳತ್ತ ಧಾವಿಸುವ ಯುವಕ-ಯುವತಿಯರ ಸಾಲು ಕಾಣುತ್ತದೆ. ಒಂದು ಕಾಲದಲ್ಲಿ ಇದೇ ರಸ್ತೆಯಲ್ಲಿ ಊಟದ ಡಬ್ಬಿ ಹಿಡಿದು ಪಾಳಿಗೆ ಹೋಗುತ್ತಿದ್ದವರು ರಾಸಾಯನಿಕ ಹಾಗೂ ಇಂಜಿನಿಯರಿಂಗ್ ಕಾರ್ಖಾನೆಗಳ ಕಾರ್ಮಿಕರು. ಎಂಐಡಿಸಿ ರೂಪಿಸಿದ ಈ ಕೈಗಾರಿಕಾ ಪಟ್ಟಿಯಲ್ಲಿ ಹಲವು ಕಾರ್ಖಾನೆಗಳು ಮುಚ್ಚಿದವು, ಕಟ್ಟಡಗಳು ಬದಲಾದವು. ಜಾಗಕ್ಕೇನೋ ಹೊಸ ಕೆಲಸ ಸಿಕ್ಕಿತು. ಆದರೆ ಕೆಲಸ ಕಳಕೊಂಡವನ ಗತಿ?

ಮುಂಬಯಿಗೆ ಈ ಪ್ರಶ್ನೆ ಹೊಸತಲ್ಲ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಜವಳಿ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡಿದ್ದರು. ಲಾಲ್‌ಬಾಗ್, ಪರೇಲ್‌ಗಳಲ್ಲಿ ಭೋಂಗಾ ಒಂದೊಂದಾಗಿ ನಿಂತಿತು. ಮಗ್ಗ ಬಿಟ್ಟು ಬೇರೆ ವಿದ್ಯೆ ಅರಿಯದವರು ಕಾವಲುಗಾರರಾದರು, ತರಕಾರಿ ಮಾರಿದರು, ಅನೇಕರು ಊರು ಸೇರಿದರು.

ಅದೇ ವರ್ಷ, ಉಜಿರೆಯಲ್ಲಿ

ಅದೇ 1982ರಲ್ಲಿ ನಮ್ಮ ದಕ್ಷಿಣ ಕನ್ನಡದ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಹುಟ್ಟಿಕೊಂಡಿತೆಂಬುದು ಗಮನಾರ್ಹ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಮಂಜುನಾಥೇಶ್ವರ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಕೂಡಿ ಕಟ್ಟಿದ ಈ ಸಂಸ್ಥೆ ಗ್ರಾಮೀಣ ಯುವಜನರಿಗೆ ಊಟ-ವಸತಿ ಸಹಿತ ಉಚಿತ ತರಬೇತಿ ನೀಡುತ್ತದೆ. ಹೊಲಿಗೆ, ದ್ವಿಚಕ್ರ ವಾಹನ ರಿಪೇರಿ, ಮೊಬೈಲ್ ರಿಪೇರಿ ಹೀಗೆ ಅಲ್ಪಾವಧಿಯ ಕಲಿಕೆ. ತರಬೇತಿ ಮುಗಿಸಿದವರನ್ನು ಹಾಗೆಯೇ ಕಳುಹಿಸದೆ, ಬ್ಯಾಂಕ್ ಸಾಲಕ್ಕೆ ನೆರವಾಗಿ, ಮುಂದೆಯೂ ವಿಚಾರಿಸಿಕೊಳ್ಳುವುದೇ ಇದರ ಹೆಚ್ಚುಗಾರಿಕೆ. ಈ ಮಾದರಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಆರ್‌ಸೆಟಿಗಳ ಸ್ಥಾಪನೆಗೆ ಪ್ರೇರಣೆಯಾಯಿತು. ಊರಿಗೆ ಮರಳಬಯಸುವ ಯುವಕರಿಗೆ ಇದೊಂದು ದಾರಿ.

ಇಲ್ಲೇ ಉಳಿಯುವವರಿಗೆ

ಇಎಸ್‌ಐ ವಿಮೆಯಿದ್ದವರು ಕಾರ್ಖಾನೆ ಮುಚ್ಚಿದಾಗ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಕುರಿತು ವಿಚಾರಿಸಬೇಕು. 2005ರ ಏಪ್ರಿಲ್ 1ರಂದು ಆರಂಭವಾದ ಈ ಯೋಜನೆಯಲ್ಲಿ ನಿರುದ್ಯೋಗ ಭತ್ಯೆಯ ಜೊತೆಗೆ ವೃತ್ತಿ ತರಬೇತಿಗೂ ಅವಕಾಶ ಕಲ್ಪಿಸಲಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ, ಹಿಂಬಡ್ತಿಯಲ್ಲ, ಕಡಿತದಲ್ಲಿ ಕೆಲಸ ಕಳಕೊಂಡ ಕಾರ್ಮಿಕನ 15 ದಿನಗಳ ವೇತನದಷ್ಟು ಹಣವನ್ನು ಮಾಲಕರು ಮರುಕೌಶಲ ನಿಧಿಗೆ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆ ಸೇರಬೇಕು. ಮೊತ್ತ ದೊಡ್ಡದಲ್ಲ. ಆದರೆ ಕೇಳದಿದ್ದರೆ ಅದೂ ಇಲ್ಲ.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ದುಡಿದು ಕಲಿತ ವಿದ್ಯೆಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವೂ ಬಂತು. ಇಪ್ಪತ್ತು ವರ್ಷ ಹೊಟೇಲಿನ ಒಲೆಯ ಮುಂದೆ ನಿಂತವನ ಅನುಭವಕ್ಕೂ ಕಾಗದದ ಬೆಲೆ ಬೇಕಾದ ಕಾಲವಿದು.

ಇಷ್ಟಾದರೂ ದೊಡ್ಡ ತೊಡಕು ಸಂಕೋಚದ್ದು. ಕೆಲಸ ಹೋದವನು ಮೊದಲು ಬಿಡುವುದು ಸಂಘದ ಸಭೆಯನ್ನು. 'ಈಗ ಎಲ್ಲಿದ್ದೀರಿ?' ಎಂಬ ಪ್ರಶ್ನೆಗೆ ಅಂಜಿ ಆತ ದೂರ ಸರಿಯುತ್ತಾನೆ. ನಲವತ್ತೈದರಲ್ಲಿ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂರುವುದು ಹೇಗೆಂಬ ನಾಚಿಕೆ ಬೇರೆ.

ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ನಮ್ಮ ಹಿರಿಯರು. ಅವರಿಗಿಲ್ಲದ ನಾಚಿಕೆ ನಮಗೇಕೆ? ವಿದ್ಯಾರ್ಥಿ ವೇತನ ಹಂಚುವ ಸಂಘಗಳು ತಂದೆಯ ತರಬೇತಿಯ ಶುಲ್ಕಕ್ಕೂ ಒಂದಿಷ್ಟು ಮೀಸಲಿಟ್ಟರೆ, ಸಭೆಗೆ ಬಾರದ ಸದಸ್ಯನ ಮನೆಗೆ ಇಬ್ಬರು ಹೋಗಿ ಬಂದರೆ, ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರಿಲ್ಲ.